ಬಾಲ ಬಂತು

ರಬ್ಬರ್ ಶೀಟನ್ನು ಹೊಗೆಗೆ ಹಾಕಿದಾಗ ಬರುವ ವಾಸನೆಯನ್ನು ಗೊತ್ತಿಲ್ಲದವರಿಗೆ ವಿವರಿಸುವುದು ಕಷ್ಟ. ಒಡೆದ ಹಾಲನ್ನು ಒಲೆಯ ಪಕ್ಕ ಎರಡು ದಿನ ಮರೆತಿಟ್ಟ ಹಾಗೆ ಎನ್ನಬಹುದು. ಕಡಬದ ಕಡೆಯವರಿಗೆ ಅದು ವಾಸನೆಯೇ ಅಲ್ಲ, ದಿನದ ಗಾಳಿ. ಕಳೆದ ವಾರ ಅಲ್ಲೊಂದು ಮದುವೆ ಊಟ ಮುಗಿಸಿ ಪಂಜದ ದಾರಿಯಾಗಿ ಸುಳ್ಯಕ್ಕೆ ಬರುತ್ತಿದ್ದಾಗ ಆ ವಾಸನೆ ಕಾರಿನ ಒಳಗೆ ಬಂತು. ಹೆಂಡತಿ ರೇಖಾ ಗಾಜು ಏರಿಸಿದಳು. ಯಾಕೆ ಏರಿಸಿದಳು ಎಂದು ನಾನು ಕೇಳಲಿಲ್ಲ. ಮೂರು ವರ್ಷದಿಂದ ನಮ್ಮಿಬ್ಬರ ನಡುವೆ ಕೇಳದೆ ಬಿಟ್ಟ ಮಾತುಗಳಲ್ಲಿ ಅದೂ ಒಂದು.

ನಾನು ಪುತ್ತೂರಿನಲ್ಲಿ ಹುಟ್ಟಿ, ಸುಳ್ಯದಲ್ಲಿ ಸಣ್ಣದೊಂದು ರಕ್ತಪರೀಕ್ಷೆಯ ಲ್ಯಾಬ್ ನಡೆಸುತ್ತಿರುವವನು. ನಲವತ್ತು ತುಂಬಿದ ವರ್ಷ ಟ್ರಯಾಥ್ಲಾನ್ ಎಂಬ ಹುಚ್ಚು ಹಿಡಿಯಿತು. ಮೊದಲು ಈಜು, ಒದ್ದೆ ಮೈಯಲ್ಲೇ ಸೈಕಲ್, ಸೈಕಲ್ ಇಳಿದ ಕಾಲಲ್ಲೇ ಓಟ, ನಡುವೆ ಉಸಿರು ತೆಗೆದುಕೊಳ್ಳಲು ಯಾರೂ ಬಿಡುವುದಿಲ್ಲ. ಮೊದಲ ಸ್ಪರ್ಧೆಯಲ್ಲಿ ಸಮುದ್ರಕ್ಕೆ ಇಳಿದಾಗ ನಾನೂರು ಮೀಟರ್ ದಾಟುವುದರೊಳಗೆ ಎದೆ ಬಿಗಿದು ಕೈ ಮೇಲೆತ್ತಿದೆ. ದೋಣಿಯವರು ಅಂಗಿಯ ಕುತ್ತಿಗೆಗೆ ಕೈ ಹಾಕಿ ಎಳೆದುಕೊಂಡರು. ದಡದಲ್ಲಿ ರೇಖಾ ಮತ್ತು ಮಗಳು ಫೋಟೋ ತೆಗೆಯಲು ನಿಂತಿದ್ದರು. ಮಗಳು ಫೋನ್ ಕೆಳಗಿಳಿಸಿದಳು. ಆ ಒಂದು ಕ್ಷಣ ನನ್ನನ್ನು ಇಡೀ ವರ್ಷ ಓಡಿಸಿತು. ಮೂರು ಗಂಟೆಯೊಳಗೆ ಮೂರನ್ನೂ ಮುಗಿಸಿಯೇ ತೀರುತ್ತೇನೆಂದು ಹಟ ಹಿಡಿದೆ. ದೂರದ ಊರಿನ ಕೋಚ್ ಒಬ್ಬ ಫೋನಿನಲ್ಲೇ ವಾರವಾರದ ಯೋಜನೆ ಕಳಿಸುತ್ತಿದ್ದ. ಅದನ್ನು ಪ್ರಿಂಟ್ ತೆಗೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಿದ್ದೆ. ಮನೆಯಲ್ಲಿ ಹಾಲು ಮುಗಿದದ್ದು ನನಗೆ ಗೊತ್ತಾಗುತ್ತಿರಲಿಲ್ಲ, ಬುಧವಾರ ಎಷ್ಟು ಕಿಲೋಮೀಟರ್ ಎಂಬುದು ನಿದ್ದೆಯಲ್ಲೂ ಬಾಯಿಗೆ ಬರುತ್ತಿತ್ತು.

ಇದರ ಜೊತೆಗೆ ನಮ್ಮದೊಂದು ಸೈಕಲ್ ಗುಂಪಿತ್ತು. ಪುತ್ತೂರು, ಸುಳ್ಯ, ಕಡಬದ ಹದಿನಾಲ್ಕು ಮಂದಿ. ಗುಂಪಿನ ಯಜಮಾನ ಪುತ್ತೂರಿನಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಶರೀಫ್. ಜನರನ್ನು ಕರೆಯುವುದು ಅವನಿಗೊಂದು ಚಟ. ಶನಿವಾರ ಸಂಜೆ ಐದಕ್ಕೆ ಸರಿಯಾಗಿ ಅವನ ಮೆಸೇಜು ಬರುತ್ತಿತ್ತು. ದಾರಿಯ ಬಗ್ಗೆ ಒಂದು ಸಾಲು, ಚಾ ಕುಡಿಯುವ ಹೋಟೆಲಿನ ಬಗ್ಗೆ ನಾಲ್ಕು ಸಾಲು. ಬನ್ಸ್ ಬಿಸಿ ಇರುವ ಹೊತ್ತಿಗೆ ತಲಪುವ ಹಾಗೆ ವೇಗ ಇಡಬೇಕೆಂಬುದು ಅವನ ತರಬೇತಿ ಶಾಸ್ತ್ರ. ನನ್ನ ಕೋಚ್ ಬನ್ಸನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಗುಂಪಿನಲ್ಲಿ ಒಂದೇ ಒಂದು ಕಟ್ಟುನಿಟ್ಟು ಇತ್ತು. ಪ್ರತಿ ಭಾನುವಾರ ಒಬ್ಬ 'ಬಾಲ' ಆಗಬೇಕು. ಬಾಲ ಆದವನು ಎಲ್ಲರಿಗಿಂತ ನಿಧಾನವಾಗಿ ಬರುವವನ ಹಿಂದೆ ಇರಬೇಕು, ಅವನನ್ನು ಯಾವ ಕಾರಣಕ್ಕೂ ದಾಟಬಾರದು. ದೊಡ್ಡ ಏರು ಮುಗಿದ ಮೇಲೆ, ಕೊನೆಯವನೂ ಮೇಲೆ ಬಂದದ್ದನ್ನು ಕಣ್ಣಲ್ಲಿ ನೋಡಿ, ಗುಂಪಿಗೆ 'ಬಾಲ ಬಂತು' ಎಂದು ಮೆಸೇಜು ಹಾಕಬೇಕು. ಅದು ಬರುವ ತನಕ ಮುಂದೆ ಹೋದವರು ಹೋಟೆಲಿನಿಂದ ಏಳುವಂತಿಲ್ಲ. ಒಂದೊಂದು ವಾರ ಒಬ್ಬೊಬ್ಬರಿಗೆ ಸರದಿ. ಬಾಲ ಆದವನನ್ನು ಎಲ್ಲರೂ ತಮಾಷೆ ಮಾಡುತ್ತಿದ್ದರು. ಆದರೆ ಆ ಮೆಸೇಜನ್ನು ಮಾತ್ರ ಯಾರೂ ತಮಾಷೆಗೆ ಹಾಕುತ್ತಿರಲಿಲ್ಲ.

ಎಲ್ಲರಿಗಿಂತ ನಿಧಾನ ಮೋನಪ್ಪಣ್ಣ. ಕಡಬದಿಂದ ಪಂಜಕ್ಕೆ ಬರುವ ದಾರಿಯಲ್ಲಿ ಏರು ಮುಗಿದು ಅರ್ಧ ಕಿಲೋಮೀಟರಿಗೆ ಅವರ ಮನೆ. ಮನೆಯ ಹಿಂದೆ ಎರಡೆಕರೆ ಹಳೆಯ ರಬ್ಬರ್, ಮದುವೆಯಾದ ವರ್ಷ ಅವರೇ ಗುಂಡಿ ತೋಡಿ ನೆಟ್ಟದ್ದು. ಐವತ್ತಮೂರು ವರ್ಷ, ಭಾರದ ಮೈ, ಸಕ್ಕರೆ ಕಾಯಿಲೆ. ನನ್ನ ಲ್ಯಾಬಿಗೆ ರಕ್ತ ಕೊಡಲು ಬಂದಿದ್ದಾಗ ಗೋಡೆಗೆ ಒರಗಿಸಿದ್ದ ಸೈಕಲ್ ನೋಡಿ, "ಇದು ನಮ್ಮಂಥವರಿಗೆ ಆಗ್ತದಾ ಮಾರಾಯ್ರೆ?" ಎಂದು ಕೇಳಿದ್ದರು. ಹಾಗೆ ಬಂದವರು ಗುಂಪಿನ ಖಾಯಂ ಕೊನೆಯವರಾದರು. ಆದರೆ ನೀರಿಗೆ ಇಳಿದರೆ ಅವರೇ ಬೇರೆ ಮನುಷ್ಯ. ಕುಮಾರಧಾರೆಯ ದಡದಲ್ಲಿ ಬೆಳೆದವರು, ಅಷ್ಟು ಭಾರದ ಮೈ ನೀರಿನಲ್ಲಿ ಒಣ ಎಲೆಯಷ್ಟು ಹಗುರಾಗುತ್ತಿತ್ತು.

ಆ ವರ್ಷ ಮಳೆ ಹಿಂದೆ ಸರಿದು ಹೊಳೆ ತಿಳಿಯಾದ ಮೇಲೆ, ನವೆಂಬರಿನಿಂದ, ಅವರು ನನಗೆ ಈಜು ಕಲಿಸಿದರು. ವಾರಕ್ಕೆ ಮೂರು ದಿನ ಬೆಳಿಗ್ಗೆ ನಾನು ಸುಳ್ಯದಿಂದ ಹೊಳೆಗೆ ಹೋಗುವ ಹೊತ್ತಿಗೆ ಅವರು ಹೆಗಲಿಗೆ ಟವೆಲ್ ಹಾಕಿ, ಗಾಳಿ ತುಂಬಿದ ಲಾರಿ ಟ್ಯೂಬು ಹಿಡಿದು ನಿಂತಿರುತ್ತಿದ್ದರು. ನೀರಿನ ಮೇಲೆ ಹೊಗೆಯಂಥ ಮಂಜು. ಮೊದಲ ಹದಿನೈದು ದಿನ ಅವರು ನನ್ನನ್ನು ಈಜಲು ಬಿಡಲೇ ಇಲ್ಲ, ಬೆನ್ನಿನ ಕೆಳಗೆ ಅಂಗೈ ಕೊಟ್ಟು ಸುಮ್ಮನೆ ತೇಲಿಸಿದರು. "ನೀವು ನೀರಿನ ಹತ್ರ ಎಂತಕ್ಕೆ ಜಗಳ ಮಾಡುದು? ಅದು ನಿಮಗೆ ಎಂತ ಮಾಡಿದೆ?" ಎನ್ನುತ್ತಿದ್ದರು. ಒಂದು ದಿನ ಅಂಗೈ ಯಾವಾಗ ತೆಗೆದರೋ ಗೊತ್ತಾಗಲಿಲ್ಲ. ಡಿಸೆಂಬರ್ ಮುಗಿಯುವಾಗ ನಾನು ಆ ಹೊಳೆಯಲ್ಲಿ ಸಾವಿರದ ಐನೂರು ಮೀಟರ್ ಈಜಿದೆ. ದಡಕ್ಕೆ ಬಂದು ಅತ್ತೆ. ಅವರು ಬೇರೆ ಕಡೆ ನೋಡಿಕೊಂಡು ಟ್ಯೂಬಿನ ಗಾಳಿ ಬಿಟ್ಟರು.

ಜನವರಿಯಲ್ಲಿ ನನ್ನ ಯೋಜನೆ ಬಿಗಿಯಾಯಿತು. ಫೆಬ್ರವರಿ ಕೊನೆಗೆ ಸ್ಪರ್ಧೆ. ಭಾನುವಾರಗಳಲ್ಲಿ ಏರಿನ ದಾರಿಯಲ್ಲಿ ಜೋರು ಸೈಕಲ್, ಇಳಿದ ಐದು ನಿಮಿಷದೊಳಗೆ ಐದು ಕಿಲೋಮೀಟರ್ ಓಟ ಎಂದು ಕೋಚ್ ಬರೆದಿದ್ದ. ಒಬ್ಬನೇ ಮಾಡಬೇಕು, ಯಾರಿಗೂ ಕಾಯಬಾರದು. ಆದರೆ ನಮ್ಮ ಕಡೆ ಕರೆದವರಿಗೆ ಇಲ್ಲ ಎನ್ನಲು ಓಟಕ್ಕಿಂತ ಹೆಚ್ಚು ದಮ್ಮು ಬೇಕು. ಒಂದು ವಾರ ನೆಂಟರು ಬಂದಿದ್ದಾರೆ ಎಂದೆ, ಇನ್ನೊಂದು ವಾರ ಜ್ವರ ಎಂದೆ. ಆ ದಿನವೇ ಆಲೆಟ್ಟಿಯ ರಸ್ತೆಯಲ್ಲಿ ಒಬ್ಬನೇ ಓಡುತ್ತಿದ್ದಾಗ ಗುಂಪಿನ ಒಬ್ಬರ ಕಣ್ಣಿಗೆ ಬಿದ್ದೆ. ಸಂಜೆ ಶರೀಫ್ ಫೋನ್ ಮಾಡಿದ.

"ಜ್ವರ ಬಂದವರು ಓಡುದುಂಟಾ ಮಾರಾಯ್ರೆ? ನಮ್ಮ ಸಂಗ ಬೇಡ ಅಂತಾದ್ರೆ ಹೇಳಿ, ನಾವು ಕರೆಯುದಿಲ್ಲ" ಎಂದ.

ಮೋನಪ್ಪಣ್ಣ ಹಾಗೆ ಚುಚ್ಚಲಿಲ್ಲ. ಹೊಳೆಯಲ್ಲಿ ಬಟ್ಟೆ ಬದಲಿಸುವಾಗ, "ಆದಿತ್ಯವಾರ ಬನ್ನಿ. ನೀವು ಇದ್ರೆ ನನಗೊಂದು ಧೈರ್ಯ" ಎಂದರು. ಆ ಮಾತಿಗೆ ನಾನು ಒಂದು ಉಪಾಯ ಹೂಡಿದೆ. ಗುಂಪಿನ ಜೊತೆ ಹೊರಡುವುದು, ಆದರೆ ಮುಂದೆ ಒಬ್ಬನೇ ಸೈಕಲ್ ಹೊಡೆಯುವುದು, ಹೋಟೆಲಿಗೆ ಹೋಗದೆ ಓಡುವುದು. ಗುಂಪೂ ಉಳಿಯಿತು, ಯೋಜನೆಯೂ ಉಳಿಯಿತು ಎಂದು ಬೀಗಿದೆ. ರೇಖಾ ಮಾತ್ರ, "ಹೀಗೆ ಹೋಗುದಕ್ಕಿಂತ ಹೋಗದೇ ಇರುದು ಒಳ್ಳೆದು. ಅವರು ನೀವು ಜೊತೆಗಿದ್ದೀರಿ ಅಂತ ತಿಳ್ಕೊಳ್ತಾರೆ" ಎಂದಳು. ನನಗೆ ಸಿಟ್ಟು ಬಂತು. ಸರಿಯಾದ ಮಾತಿಗೆ ನನಗೆ ಬೇಗ ಸಿಟ್ಟು ಬರುತ್ತದೆ.

ಜನವರಿಯ ಕೊನೆಯ ಭಾನುವಾರ ಬಾಲದ ಸರದಿ ನನ್ನದು. ಬೇರೆಯವರಿಗೆ ಬಿಟ್ಟುಕೊಡಬಹುದಿತ್ತು, ಕೇಳಲು ನಾಚಿಕೆಯಾಯಿತು. ಆ ದಿನದ ಯೋಜನೆ ಇಡೀ ತಿಂಗಳಿನಲ್ಲೇ ಮುಖ್ಯವಾದದ್ದು. ಕಡಬದಲ್ಲಿ ಆರೂವರೆಗೆ ಎಲ್ಲರೂ ಸೇರಿದೆವು. ರಬ್ಬರ್ ಎಲೆ ಉದುರುವ ಕಾಲ, ರಸ್ತೆಯ ಅಂಚಿನಲ್ಲೆಲ್ಲ ಕೆಂಪು ಎಲೆ. ಮೋನಪ್ಪಣ್ಣ ಬಲಗೈಯನ್ನು ಕೊಡವುತ್ತಿದ್ದರು.

"ಬೆರಳು ಜುಮ್ಮೆನ್ನುತ್ತಾ ಉಂಟು. ಬ್ರೇಕ್ ಹಿಡಿದ್ರೆ ನನ್ನ ಬೆರಳೇ ಅಲ್ಲ ಅಂತ ಕಾಣ್ತದೆ" ಎಂದರು.

ದಿನವಿಡೀ ರೋಗಿಗಳ ನಡುವೆ ಇರುವ ನಾನು, "ಕೈ ಅಡಿಗೆ ಹಾಕಿ ಮಲಗಿರಬೇಕು. ಬೆರಳು ಆಡಿಸ್ತಾ ಇರಿ" ಎಂದೆ.

ಮುಂದಿನವರೆಲ್ಲ ಹೋದರು. ಏರು ಶುರುವಾಯಿತು. ಮೋನಪ್ಪಣ್ಣ ನಡೆಯುವಷ್ಟು ನಿಧಾನ, ಹಿಂದೆ ನಾನು. ಮಣಿಕಟ್ಟಿನ ಗಡಿಯಾರದಲ್ಲಿ ನನ್ನ ವೇಗ ಬೀಳುತ್ತಿತ್ತು, ನಾಡಿಬಡಿತವೂ ಬೀಳುತ್ತಿತ್ತು. ಒಂದು ತಿರುವಿನಲ್ಲಿ ಅವರು ಕಾಲು ಊರಿ ನಿಂತು ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ಏನು ಕಂಡಿತೋ, "ನೀವು ಮುಂದೆ ಹೋಗಿ. ನನ್ನ ಮನೆ ಇಲ್ಲೇ ಅಲ್ವಾ, ನಾನು ಬರ್ತೇನೆ" ಎಂದರು. ಮಾತು ಸ್ವಲ್ಪ ತೊದಲಿತ್ತು. ಏದುಸಿರು ಎಂದುಕೊಂಡೆ. ಎಂದುಕೊಳ್ಳಲು ನನಗೆ ಅನುಕೂಲವಿತ್ತು.

"ಮೇಲೆ ಕಾಯ್ತೇನೆ" ಎಂದು ಹೇಳಿ ಅವರನ್ನು ದಾಟಿದೆ.

ಏರಿನ ತುದಿಯ ಬಸ್ ತಂಗುದಾಣ ತಲಪಿದಾಗ ಗಡಿಯಾರ ತಿರುವಿನಿಂದ ತುದಿಯವರೆಗೆ ನಾನು ಎಂದೂ ಮುಟ್ಟದ ವೇಗ ತೋರಿಸಿತು. ಓಟಕ್ಕೆ ಐದು ನಿಮಿಷ ಮಾತ್ರ ಇತ್ತು. ಕೆಳಗೆ ನೋಡಿದೆ, ತಿರುವಿನಲ್ಲಿ ಯಾರೂ ಕಾಣಲಿಲ್ಲ. ಮೆಸೇಜು ಹಾಕದಿದ್ದರೆ ಮುಂದಿನವರು ಹೋಟೆಲಿನಲ್ಲೇ ಕುಳಿತಿರುತ್ತಾರೆ, ಶರೀಫ್ ಫೋನ್ ಮಾಡುತ್ತಾನೆ, ನನ್ನ ಓಟ ಕೆಡುತ್ತದೆ. ಮೋನಪ್ಪಣ್ಣ ಹೇಗೂ ಹತ್ತು ನಿಮಿಷದಲ್ಲಿ ಬಂದು ನೇರ ಮನೆಗೆ ಹೋಗುವವರು, ಹೋಟೆಲಿಗೆ ಬರುವ ಕ್ರಮವೇ ಇಲ್ಲ. ಅವರು ಬಾರದಿದ್ದರೂ ಅಲ್ಲಿ ಯಾರಿಗೂ ತಿಳಿಯುವುದಿಲ್ಲ. ಇಷ್ಟನ್ನೂ ಶೂ ಬದಲಿಸುತ್ತಲೇ ಯೋಚಿಸಿದೆ. ಆಮೇಲೆ 'ಬಾಲ ಬಂತು' ಎಂದು ಹಾಕಿ, ಸೈಕಲಿಗೆ ಬೀಗ ಜಡಿದು, ಬಲಗಡೆಯ ಒಳರಸ್ತೆಯಲ್ಲಿ ಓಡಿದೆ.

ಚೆನ್ನಾಗಿ ಓಡಿದೆ. ಅದನ್ನೂ ಹೇಳಿಬಿಡಬೇಕು. ಕಾಲು ನೆಲಕ್ಕೆ ತಾಗುತ್ತಿದ್ದುದೇ ಗೊತ್ತಾಗಲಿಲ್ಲ, ಮನಸ್ಸಿನಲ್ಲಿ ಸಂತೋಷ ತುಂಬಿತ್ತು. ಅರ್ಧ ಗಂಟೆಯೊಳಗೆ ತಂಗುದಾಣಕ್ಕೆ ವಾಪಸು ಬಂದು ಸೈಕಲ್ ಹತ್ತಿದೆ. ಮೋನಪ್ಪಣ್ಣನ ಮನೆಯ ಗೇಟಿನ ಮುಂದೆ ಹಾದುಹೋಗುವಾಗ ಒಳಗೆ ನೋಡಿದೆ. ಅವರ ಸೈಕಲ್ ಯಾವಾಗಲೂ ಇರುವ ಕಡೆ ಇರಲಿಲ್ಲ. ಒಳಗೆ ಇಟ್ಟಿರಬೇಕು ಎಂದುಕೊಂಡು ಸುಳ್ಯಕ್ಕೆ ಹೋದೆ.

ಅವರು ಏರಿನ ಅರ್ಧದಲ್ಲೇ ಬಿದ್ದಿದ್ದರು. ರಸ್ತೆಬದಿಯ ಚರಂಡಿಯಲ್ಲಿ, ಉದುರಿದ ಎಲೆಗಳ ಮೇಲೆ. ರಬ್ಬರ್ ಹಾಲಿನ ಬಕೆಟ್ ಹಿಡಿದು ತೋಟದಿಂದ ಇಳಿದು ಬಂದ ಮರ ಗೀರಿ ಹಾಲು ಇಳಿಸುವ ಟ್ಯಾಪಿಂಗಿನ ಸೆಲ್ವಿ ಎಂಬ ಹೆಂಗಸು ಮೊದಲು ಸೈಕಲಿನ ಚಕ್ರವನ್ನು ನೋಡಿದಳಂತೆ. ಆಮೇಲೆ ಅವರನ್ನು ನೋಡಿದಳು. ಕಣ್ಣು ತೆರೆದಿತ್ತು, ಬಾಯಿ ಒಂದು ಪಕ್ಕಕ್ಕೆ ಎಳೆದಿತ್ತು. ಅವಳು ರಸ್ತೆಯ ನಡುವೆ ನಿಂತು ಜೀಪೊಂದನ್ನು ನಿಲ್ಲಿಸಿದಳು. ಪುತ್ತೂರು, ಅಲ್ಲಿಂದ ಮಂಗಳೂರು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಒಂದು ಗಂಟೆ ಮೊದಲು ತಂದಿದ್ದರೆ ಮಾತಾದರೂ ಉಳಿಯುತ್ತಿತ್ತೇನೋ ಎಂದು ಡಾಕ್ಟರು ಹೇಳಿದರು. ಬಲಗೈ, ಬಲಗಾಲು, ಮಾತು, ಮೂರೂ ಹೋಗಿದ್ದವು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಶರೀಫ್ ನನ್ನನ್ನು ಕೇಳಿದ, "ನೀವು ಬಾಲ ಬಂತು ಅಂತ ಹಾಕಿದ್ದಲ್ವಾ? ಇವರು ಸಿಕ್ಕಿದ್ದು ಏರಿನ ಅರ್ಧದಲ್ಲಿ. ಅದು ಹೇಗೆ?"

ಮೋನಪ್ಪಣ್ಣನ ಹೆಂಡತಿ ಪುಷ್ಪಕ್ಕ ಅಲ್ಲೇ ಬೆಂಚಿನಲ್ಲಿ ಕುಳಿತಿದ್ದರು. ಅವರೂ ತಲೆ ಎತ್ತಿದರು.

"ಮೇಲೆ ಬಂದಿದ್ರು. ನಾನು ನೋಡಿದ್ದೇನೆ. ಆಮೇಲೆ ಪುನಃ ಕೆಳಗೆ ಯಾಕೆ ಹೋದ್ರೋ ಗೊತ್ತಿಲ್ಲ. ಎಂತಾದ್ರೂ ಬಿದ್ದಿರಬೇಕು, ಹುಡುಕ್ಲಿಕ್ಕೆ ಹೋಗಿರ್ಬೇಕು" ಎಂದೆ.

ಎಲ್ಲರೂ ನಂಬಿದರು. ಸುಳ್ಳು ಅಷ್ಟು ಸಲೀಸಾಗಿ ಬಂತು, ಮೊದಲೇ ಬಾಯಲ್ಲಿ ಕಾದು ಕುಳಿತಿತ್ತೋ ಏನೋ.

ಫೆಬ್ರವರಿ ಕೊನೆಗೆ ನಾನು ಸ್ಪರ್ಧೆಗೆ ಹೋದೆ. ಹೋಗಬಾರದಿತ್ತು ಎನ್ನುವವರು ಯಾರೂ ಇರಲಿಲ್ಲ, ಶರೀಫನೇ ಹೋಗಿ ಎಂದ. ಸಮುದ್ರದಲ್ಲಿ ಅಲೆ ಬಂದಾಗ ನಾನು ಜಗಳ ಮಾಡಲಿಲ್ಲ. ಮೂರು ಗಂಟೆಗೆ ಎಂಟು ನಿಮಿಷ ಮೊದಲೇ ಮುಗಿಸಿದೆ. ಮಗಳು ಫೋಟೋ ತೆಗೆದಳು. ಆ ಫೋಟೋದಲ್ಲಿ ನಾನು ನಗುತ್ತಿದ್ದೇನೆ, ಈಗ ಅದನ್ನು ನೋಡಲು ಅಸಹ್ಯವಾಗುತ್ತದೆ.

ಏಪ್ರಿಲಿನಲ್ಲಿ ಶರೀಫನ ಜೊತೆ ಮೋನಪ್ಪಣ್ಣನನ್ನು ನೋಡಲು ಹೋದೆ. ಧಗೆ ಹೊತ್ತಿದ ಮಧ್ಯಾಹ್ನ. ಅವರನ್ನು ಜಗಲಿಯ ಕುರ್ಚಿಯಲ್ಲಿ, ಬಿದ್ದುಹೋಗದ ಹಾಗೆ ಸೊಂಟಕ್ಕೆ ಪಂಚೆ ಸುತ್ತಿ ಕೂರಿಸಿದ್ದರು. ಪುಷ್ಪಕ್ಕ ಒಳಗಿನಿಂದ ಒಂದು ಸ್ಟೀಲಿನ ಡಬ್ಬಿ ತಂದು ತೆರೆದರು. ಒಂದು ಗುಂಡಿ, ಒಂದು ಬೀಗದ ಕೈ, ಯಾರದೋ ಕಿವಿಯ ಓಲೆಯ ತಿರುಪು, ತುಕ್ಕು ಹಿಡಿದ ನಾಣ್ಯ. ಗಂಡ ಹುಡುಕಲು ಹೋದದ್ದು ಏನೆಂದು ತಿಳಿಯಲು ಸೆಲ್ವಿಯನ್ನು ಕರೆದುಕೊಂಡು ಏರಿನ ಚರಂಡಿಯನ್ನೆಲ್ಲ ಕೈಯಲ್ಲಿ ಕೆದಕಿ ಹೆಕ್ಕಿದ್ದಂತೆ.

"ಇದಾ, ಅದಾ ಅಂತ ಒಂದೊಂದೇ ತೋರಿಸಿ ಕೇಳಿದೆ. ಎಲ್ಲದಕ್ಕೂ ಅಲ್ಲ ಅಂತ ತಲೆ ಆಡಿಸ್ತಾರೆ. ಹಾಗಾದ್ರೆ ಕೆಳಗೆ ಎಂತಕ್ಕೆ ಹೋದ್ದು ಅಂತ ಕೇಳಿದ್ರೆ ಹೋಗ್ಲೇ ಇಲ್ಲ ಅಂತ ತಲೆ ಆಡಿಸ್ತಾರೆ" ಎಂದು, ಗಂಡ ಅಲ್ಲಿ ಇಲ್ಲವೇ ಇಲ್ಲವೆನ್ನುವಂತೆ ಸ್ವರ ತಗ್ಗಿಸದೆ ಹೇಳಿದರು, "ತಲೆ ಪೂರ್ತಿ ಹೋಗಿದೆ. ಅವತ್ತಿನದ್ದೇ ನೆನಪಿಲ್ಲದವರಿಗೆ ಬಾಕಿದ್ದು ಎಲ್ಲಿಂದ?"

ಮಗ ಬಾಗಿಲಲ್ಲಿ ನಿಂತು, ಹಳೆಯ ರಬ್ಬರ್ ಮರಗಳನ್ನು ಕಡಿಸಿ ಅಡಿಕೆ ಸಸಿ ಇಡುವ ಮಾತಾಡಿದ. ಮೋನಪ್ಪಣ್ಣ ಬೇಡ ಬೇಡ ಎಂದು ಜೋರಾಗಿ ತಲೆ ಆಡಿಸಿದರು, ಗಂಟಲಿನಿಂದ ಒಂದು ಶಬ್ದ ಹೊರಟಿತು. "ಹೀಗೇ. ಎಂತ ಹೇಳಿದ್ರೂ ತಲೆ ಆಡಿಸುದು" ಎಂದು ಮಗ ಮಾತು ಮುಂದುವರಿಸಿದ. ಆಗ ಮೋನಪ್ಪಣ್ಣ ನನ್ನ ಕಡೆ ತಿರುಗಿದರು. ಬೇಡಿಕೊಳ್ಳುವ ಕಣ್ಣಲ್ಲ, ಸಿಟ್ಟಿನ ಕಣ್ಣೂ ಅಲ್ಲ. ಸುಮ್ಮನೆ ಕಾಯುತ್ತಿದ್ದರು. ಅವರ ನೆನಪು ಸರಿಯಾಗಿದೆ ಎಂದು ಗೊತ್ತಿದ್ದವನು ಆ ಜಗಲಿಯಲ್ಲಿ ನಾನೊಬ್ಬನೇ.

"ನಿಧಾನ ನೆನಪು ಬರ್ತದೆ ಅಕ್ಕ. ಮಾತ್ರೆ ಬಿಡ್ಬೇಡಿ" ಎಂದೆ.

ಆ ಮಾತಿಗೆ ಮೋನಪ್ಪಣ್ಣ ಮುಖ ತಿರುಗಿಸಿದರು. ಬಾಲ ಬಂತು ಎಂದು ಹಾಕಿದ್ದು ಅವಸರದ ತಪ್ಪು ಎಂದು ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಇದಕ್ಕೆ ಯಾವ ಅವಸರವೂ ಇರಲಿಲ್ಲ.

ಮೇ ಕೊನೆಗೆ ಗುಂಪಿನಲ್ಲಿ ಶರೀಫನ ಮೆಸೇಜು ಬಂತು. ಮೂರು ಗಂಟೆಯೊಳಗೆ ಮುಗಿಸಿದ ನನಗೆ ಸನ್ಮಾನವಂತೆ. ಈಜು ಕಲಿಸಿದ ಮೋನಪ್ಪಣ್ಣನ ಮನೆಯಂಗಳದಲ್ಲೇ, ಅವರ ಕೈಯಿಂದಲೇ ಶಾಲು ಹೊದಿಸುವುದಂತೆ, ಅವರಿಗೂ ಗೆಲುವಾಗುತ್ತದಂತೆ. ಹನ್ನೊಂದು ಮಂದಿ ಹೆಬ್ಬೆರಳು ಎತ್ತಿದರು. ನಾನು ಫೋನನ್ನು ಮೇಜಿನ ಮೇಲೆ ಮಗುಚಿಟ್ಟೆ. ಆ ಸಂಜೆ ರೇಖಾಳಿಗೆ ಎಲ್ಲ ಹೇಳಿದೆ. ಅವಳು, "ನನಗೆ ಹೇಳಿ ಎಂತ ಪ್ರಯೋಜನ?" ಎಂದಳು.

ಮರುದಿನ ಹೋದೆ. ಮೊದಲ ಮಳೆ ಬಿದ್ದು ನಿಂತಿತ್ತು. ಗೇಟು ದಾಟುತ್ತಲೇ ಕಣ್ಣಿಗೆ ಬೆಳಕು ಹೊಡೆಯಿತು. ಮನೆಯ ಹಿಂದೆ ರಬ್ಬರ್ ಇರಲಿಲ್ಲ. ಗುಡ್ಡದ ತುಂಬ ಕಡಿದ ಮರಗಳ ಕುತ್ತಿಗಳು, ನಡುವೆ ಅಡಿಕೆ ಸಸಿಗೆ ತೋಡಿದ ಗುಂಡಿಗಳಲ್ಲಿ ಕೆಂಪು ನೀರು. ಮೋನಪ್ಪಣ್ಣನ ಕುರ್ಚಿಯನ್ನು ಅದು ಕಾಣದ ಹಾಗೆ ಗೋಡೆಯ ಕಡೆ ತಿರುಗಿಸಿಟ್ಟಿದ್ದರು. ಪುಷ್ಪಕ್ಕ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು. ಕುಳಿತುಕೊಳ್ಳಿ ಎಂದರು. ನಿಂತೇ ಹೇಳಿದೆ. ಮೊದಲ ವಾಕ್ಯ ಹೊರಟ ಮೇಲೆ ನಿಲ್ಲಲಿಲ್ಲ.

ಪುಷ್ಪಕ್ಕನಿಗೆ ಕೂಡಲೇ ತಿಳಿಯಲಿಲ್ಲ. "ಮತ್ತೆ ಇವರು ಕೆಳಗೆ ಹೋದ್ದು ಎಂತಕ್ಕೆ?" ಎಂದು ಕೇಳಿದರು.

"ಹೋಗ್ಲಿಲ್ಲ ಅಕ್ಕ. ಅವರು ಮೇಲೆ ಬರ್ಲೇ ಇಲ್ಲ. ನಾನು ಬಿಟ್ಟು ಬಂದೆ. ಅವರು ತಲೆ ಆಡಿಸಿದ್ದೇ ಸರಿ."

ಪುಷ್ಪಕ್ಕ ಗಂಜಿಯ ಬಟ್ಟಲನ್ನು ನೆಲದ ಮೇಲಿಟ್ಟರು. ಬೈಯುತ್ತಾರೆ, ಹೊಡೆಯುತ್ತಾರೆ ಎಂದು ಕಾದೆ, ಅದಕ್ಕೆ ತಯಾರಾಗಿಯೇ ಬಂದಿದ್ದೆ. ಅವರು ನನ್ನ ಕಡೆ ತಿರುಗಲೇ ಇಲ್ಲ. ಗಂಡನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಅವರ ಗಲ್ಲದ ಗಂಜಿಯನ್ನು ಸೆರಗಿನಿಂದ ಒರೆಸಿದರು. ಆಮೇಲೆ ಅವರ ಮನೆಯ ಅರೆಭಾಷೆಯಲ್ಲಿ, ಬಹಳ ಮೆಲ್ಲಗೆ ಕೇಳಿದರು. ನನಗೆ ಆ ಭಾಷೆ ಅರ್ಥವಾಗುತ್ತದೆ.

"ಹಾಗಾದರೆ, ಮರ ಕಡಿಯಬೇಡಿ ಎಂದು ಅವತ್ತು ತಲೆ ಆಡಿಸಿದ್ದೂ ಬುದ್ಧಿ ಇದ್ದೇ ಆಡಿಸಿದ್ದಾ?"

ಮೋನಪ್ಪಣ್ಣ ಹೆಂಡತಿಯನ್ನೇ ನೋಡಿ, ಹೌದೆಂದು ತಲೆ ಆಡಿಸಿದರು.